ಹಳೇ ದಿಮ್ಮಿ ಮನೆ ಉಳಿಸಬೇಕಾ? ಮೊದಲು ಚಾವಣಿ, ಆಮೇಲೆ ತಳ ನೋಡಿ

ದ್ವೀಪಗಳಲ್ಲಿ ಮರದ ದಿಮ್ಮಿ ಜೋಡಿಸಿ ಕಟ್ಟಿದ ಹಳೇ ಮನೆಗಳನ್ನು ಜಾಸ್ತಿ ಹಾಳು ಮಾಡುವುದು ನೀರೇ. ಮೊದಲು ಚಾವಣಿ ಸೋರದಂತೆ ಮಾಡಿ. ಆಮೇಲೆ ತಳದ ದಿಮ್ಮಿಯನ್ನು ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಚುಚ್ಚಿ ನೋಡಿ: ಗಟ್ಟಿ ಮರ ತಡೆಯುತ್ತದೆ, ಕೊಳೆತ ಮರದೊಳಗೆ ತುದಿ ಸಲೀಸಾಗಿ ಇಳಿದು ಕಂದು ಪುಡಿ ಉದುರುತ್ತದೆ. ಮರದೊಳಗಿನ ತೇವಾಂಶ ಶೇ. 20ರೊಳಗಿದ್ದರೆ ಅದು ಕೊಳೆಯುವುದಿಲ್ಲ. ಹಾಗಾಗಿ ಗೋಡೆಗೆ ತಾಗಿದ ಮಣ್ಣು, ಗಿಡ, ಸೌದೆ ರಾಶಿ ಎಲ್ಲಾ ತೆಗೆಯಿರಿ. ಸುಮ್ನೆ ಇಡೀ ದಿಮ್ಮಿ ಬದಲಿಸಬೇಡಿ. ಕೊಳೆತ ಭಾಗ ಮಾತ್ರ ಕತ್ತರಿಸಿ, ಅದೇ ಜಾತಿಯ ಒಣಗಿದ ಮರ ಜೋಡಿಸಿ. ಹಳೇ ಕೊಡಲಿ ಗುರುತುಗಳು ಉಳಿಯಬೇಕು ಅಲ್ವಾ!

ದಿಮ್ಮಿಗಳ ನಡುವಿನ ಸಂದಿಗೆ ಸಿಮೆಂಟ್ ಬೇಡವೇ ಬೇಡ, ಮರ ಹಿಗ್ಗಿ ಕುಗ್ಗಿದಾಗ ಅದು ಬಿರುಕು ಬಿಟ್ಟು ಒಳಗೆ ನೀರು ಹಿಡಿದಿಡುತ್ತದೆ; ಸುಣ್ಣದ ಗಾರೆ ಒಳ್ಳೇದು. ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಟೀಲ್ ಮೊಳೆ ಬಳಸಿ. ದೋಣಿಯಲ್ಲಿ ಮರ ತರಿಸುವುದಾದರೆ ಅಕ್ಕಪಕ್ಕದವರೂ ಸೇರಿ ಒಂದೇ ಸಲ ತರಿಸಿ.