ಇನ್ವರ್ಟರ್ ಬಿಟ್ಟು ಟಿಸಿ ಹತ್ತಿರ ಹೋದೆ: ತಿಪಟೂರಿನ 100 ಕಿಲೋವ್ಯಾಟ್

ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಲ್ಲಿ ಒಂದು ವರ್ಷ ಕೇಬಲ್ ಕೆಲಸ ಮಾಡಿದವನು ನಾನು. ಅಲ್ಲಿ ಎಲ್ಲರ ಕರೆಂಟ್ ಒಂದೆಡೆ ಸೇರಿಸೋ ಪೂಲಿಂಗ್ ಸ್ಟೇಷನ್, 400 ಕೆವಿ ಲೈನ್, ಎಲ್ಲಾ ಗಟ್ಟಿ. ನಿಜವಾದ ತಲೆನೋವು 11 ಕೆವಿ ಫೀಡರಿನ (ಊರಿಗೆ ಕರೆಂಟ್ ತರೋ ಲೈನಿನ) ಕೊನೆಯಲ್ಲಿರುತ್ತೆ ಅಂತ ಗೊತ್ತಾಗಿದ್ದು ತಿಪಟೂರಿನ ಹತ್ತಿರದ ಒಂದು ನಾರಿನ ಫ್ಯಾಕ್ಟರಿಯಲ್ಲಿ.

ಅವರದೇ 250 ಕೆವಿಎ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಶೆಡ್ಡಿನ ಶೀಟಿನ ಮೇಲೆ 100 ಕಿಲೋವ್ಯಾಟ್ ಸೋಲಾರ್, ಅದರ ಡಿಸಿಯನ್ನು ಎಸಿ ಮಾಡೋಕೆ 50ರ ಎರಡು ಇನ್ವರ್ಟರ್. ವಾರದ ದಿನ ಚೆನ್ನಾಗಿ ಓಡುತ್ತಿತ್ತು. ಊಟದ ಹೊತ್ತಿಗೆ ಮಿಷನ್ ನಿಂತರೆ ಸಾಕು, 'ಗ್ರಿಡ್ ಓವರ್ ವೋಲ್ಟೇಜ್' ಅಂತ ಬಂದು ಎರಡೂ ಮಲಗುತ್ತಿದ್ದವು. ಭಾನುವಾರವಂತೂ ಬೆಳಗ್ಗೆ ಹತ್ತೂವರೆಯಿಂದ ಎದ್ದು ಮಲಗೋದೇ ಕೆಲಸ. ತಿಂಗಳಿಗೆ ಸುಮಾರು ಒಂದೂವರೆ ಸಾವಿರ ಯೂನಿಟ್ ನಷ್ಟವಾಗುತ್ತಿತ್ತು.

ಇನ್ವರ್ಟರ್ ಕೊಟ್ಟವರು ಎರಡು ಸಲ ಕಾರ್ಡ್ ಬದಲಿಸಿದರು. ಆಮೇಲೆ ಟ್ರಿಪ್ ಸೆಟ್ಟಿಂಗ್ ಮೇಲಕ್ಕೆ ಏರಿಸಿಬಿಡಿ ಅಂದರು. ನಾನು ಒಪ್ಪಲಿಲ್ಲ. ವೋಲ್ಟೇಜ್ 110 ಪರ್ಸೆಂಟ್ ದಾಟಿದರೆ 2 ಸೆಕೆಂಡಿನೊಳಗೆ ಇನ್ವರ್ಟರ್ ಗ್ರಿಡ್ ಬಿಡಬೇಕು ಅನ್ನೋದು ನಿಯಮ. ಅಂದರೆ ಫೇಸಿನ 230ಕ್ಕೆ 253 ವೋಲ್ಟ್. ಅದನ್ನು ಏರಿಸಿದರೆ ಆಫೀಸಿನ ಲೈಟು, ಕಂಪ್ಯೂಟರ್ ಎಲ್ಲಾ ಅದೇ ವೋಲ್ಟೇಜ್ ತಿನ್ನಬೇಕು.

ಮೊದಲು ನಾನೂ ಎಡವಿದೆ. ಇನ್ವರ್ಟರ್ ಪಿಎಫ್ (ಪವರ್ ಫ್ಯಾಕ್ಟರ್) 0.95ಕ್ಕೆ ಇಟ್ಟು, ವೋಲ್ಟೇಜ್ ಇಳಿಯಲಿ ಅಂತ ಗ್ರಿಡ್ಡಿನಿಂದ ರಿಯಾಕ್ಟಿವ್ ಪವರ್ ಎಳೆಸಿದೆ. ವೋಲ್ಟೇಜ್ ಎರಡು ಮೂರು ಇಳಿಯಿತು, ಆದರೆ ತಿಂಗಳ ಪಿಎಫ್ 0.90ಕ್ಕಿಂತ ಕೆಳಗೆ ಬಂದು ಬಿಲ್ಲಿನಲ್ಲಿ ನಾಲ್ಕು ಸಾವಿರದ ಹತ್ತಿರ ದಂಡ ಬಿತ್ತು. ಆ ದುಡ್ಡು ನನ್ನ ಜೇಬಿನಿಂದಲೇ ಕೊಟ್ಟೆ.

ಆಮೇಲೆ ವೋಲ್ಟೇಜ್ ಬರೆದಿಡೋ ಲಾಗರ್ ಹಾಕಿ ಹತ್ತು ದಿನ ಬಿಟ್ಟೆ. ಭಾನುವಾರ ಬೆಳಗ್ಗೆ, ಇನ್ವರ್ಟರ್ ಏಳೋ ಮೊದಲೇ, ಫ್ಯಾಕ್ಟರಿಯ ಮೇನ್ ಸ್ವಿಚ್ ಪ್ಯಾನಲ್ಲಿನಲ್ಲಿ 248 ವೋಲ್ಟ್. ಟಿಸಿಯ ಎಲ್‌ಟಿ, ಅಂದರೆ ನಮಗೆ ಕರೆಂಟ್ ಕೊಡೋ ಬದಿ, 433 ಅಂದಮೇಲೆ ಲೋಡಿಲ್ಲದಾಗ ಫೇಸಿಗೆ 250 ಬರೋದು ಸಹಜವೇ. ಅದರ ಮೇಲೆ ಇನ್ವರ್ಟರಿನ ಶೆಡ್ಡಿನಿಂದ ಮೇನ್ ಪ್ಯಾನಲ್ಲಿಗೆ 180 ಮೀಟರ್, 70 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಕೇಬಲ್. ಪೂರ್ತಿ 139 ಆಂಪ್ಸ್ ಹರಿದರೆ ಕೇಬಲ್ಲಿನಲ್ಲೇ 11 ವೋಲ್ಟ್ ಏರುತ್ತೆ. 259 ಆದರೆ ಯಾವ ಇನ್ವರ್ಟರ್ ತಡೆದುಕೊಳ್ಳುತ್ತೆ?

ಟಿಸಿಯ ವೋಲ್ಟೇಜ್ ಮನೆಮನೆಯಾಗಿ ಏರಿಸಿ ಇಳಿಸೋ ಟ್ಯಾಪ್ ತಿರುಗಿಸೋಣ ಅಂದಾಗ ಫ್ಯಾಕ್ಟರಿಯ ಮೇಸ್ತ್ರಿ ಅಡ್ಡ ನಿಂತ. "ಬ್ಯಾಡ ಸಾರ್, ಸಂಜೆ ಕರೆಂಟ್ ಇಳಿದಾಗ ಮೋಟ್ರು ಸುಟ್ಟೋಗ್ತವೆ." ಯಜಮಾನರೂ ಅವನ ಕಡೆಗೇ. ಒಂದು ವಾರ ನೋಡಿ, ಸುಟ್ಟರೆ ವೈಂಡಿಂಗ್ ಖರ್ಚು ನನ್ನದು ಅಂದೆ.

ಕಂಬದ ಮೇಲಿನ ಸ್ವಿಚ್ಚು (ಜಿಒಎಸ್) ತೆಗೆದು, ಅರ್ಥ್ ಮಾಡಿ, ಟ್ಯಾಪಿನ ಹ್ಯಾಂಡಲ್ ತಿರುಗಿಸಿದೆ. ನೇಮ್‌ಪ್ಲೇಟ್ ತುಕ್ಕು ಹಿಡಿದು ಅಕ್ಷರ ಅಳಿಸಿತ್ತು. ಚಾರ್ಜ್ ಮಾಡಿ ನೋಡಿದರೆ 254! ಉಲ್ಟಾ ತಿರುಗಿಸಿದ್ದೆ. ಮತ್ತೆ ಆಫ್ ಮಾಡಿ ಎರಡು ಮನೆ ಹಿಂದಕ್ಕೆ ತಂದೆ, 242. ಇನ್ನೊಂದು ಮನೆ ಇಳಿಸೋ ಆಸೆ ಬಂತು, ಸಂಜೆಯ ರೀಡಿಂಗ್ ನೋಡದೆ ಇಳಿಸಬಾರದು ಅಂತ ಬಿಟ್ಟೆ. ಬಿಟ್ಟಿದ್ದೇ ಒಳ್ಳೇದಾಯ್ತು, ಸಂಜೆ 218ಕ್ಕೆ ಬಂತು. 20 ಎಚ್‌ಪಿ ಮೋಟರಿಗೆ ಆಂಪ್ಸ್ ಅಳೆಯೋ ಟಾಂಗ್ ಟೆಸ್ಟರ್ ಹಾಕಿ ಮೇಸ್ತ್ರಿಗೇ ತೋರಿಸಿದೆ, 26 ಆಂಪ್ಸ್ ದಾಟಲಿಲ್ಲ, ಮೋಟರಿನ ಮಿತಿಯೊಳಗೇ.

ಆದರೂ ಮಾರ್ಚ್ ಬಿಸಿಲಿಗೆ ಮತ್ತೆ ಎರಡು ಸಲ ಟ್ರಿಪ್. 242ಕ್ಕೆ 11 ಸೇರಿಸಿ ನೋಡಿ, 253ರ ಗೆರೆಯ ಮೇಲೇ ನಿಂತಿದೆ. ಹಾಗಾಗಿ ಅದೇ ಸೈಜಿನ ಇನ್ನೊಂದು ಕೇಬಲ್ ಜೊತೆಯಲ್ಲಿ ಎಳೆಸಿದೆ. ಕೇಬಲ್ಲಿಗೆ ಎಪ್ಪತ್ತು ಸಾವಿರ, ಗುಂಡಿ, ಗ್ಲ್ಯಾಂಡು, ಕೂಲಿ ಹದಿನೈದು ಸಾವಿರ. ಕೇಬಲ್ಲಿನ ಏರಿಕೆ ಐದೂವರೆ ವೋಲ್ಟಿಗೆ ಬಂತು. ಎರಡು ಇನ್ವರ್ಟರ್ ಒಟ್ಟಿಗೆ ಮೇಲೇಳದ ಹಾಗೆ ಒಂದು ಸೆಟ್ಟಿಂಗ್ ಮಾಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ.

ಮುಂದಿನ ಭಾನುವಾರ 430 ಯೂನಿಟ್, ಒಂದು ಟ್ರಿಪ್ ಇಲ್ಲ. ಸಂಜೆ ಯಜಮಾನರೇ ಫೋನ್ ಮಾಡಿದರು. ಗ್ರಿಡ್ಡಿಗೆ ಹೋಗೋ ಯೂನಿಟ್ಟಿಗೆ ದರ ಕಡಿಮೆ ಹಿಡಿದರೂ ಕೇಬಲ್ ದುಡ್ಡು ವಾಪಸ್ ಬರುತ್ತೆ.

ಅಲ್ಲೇ ಇನ್ನೊಂದು ನೋಡಿದೆ. ನಾರಿನ ಪುಡಿ ಸೋಲಾರ್ ಪ್ಯಾನಲ್ ಮೇಲೆ ಇಬ್ಬನಿ ಜೊತೆ ಅಂಟಿ ಕೂರುತ್ತೆ. ಮೂರು ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಪ್ಯಾನಲ್‌ಗಳು) ಮಾತ್ರ ಬೆಳಗ್ಗೆ ಆರಕ್ಕೆ ತೊಳೆಸಿದೆ, ಉಳಿದವಕ್ಕಿಂತ ಆರೇಳು ಪರ್ಸೆಂಟ್ ಜಾಸ್ತಿ ಕೊಟ್ಟವು. ಒಣ ಬಟ್ಟೆಯಲ್ಲಿ ಒರೆಸಿದರೆ ಪ್ರಯೋಜನ ಕಾಣಲಿಲ್ಲ.

ಈಗ ಅದೇ ಫೀಡರಿನ ಪಕ್ಕದ ಫ್ಯಾಕ್ಟರಿಯವರು 60 ಕಿಲೋವ್ಯಾಟ್ ಹಾಕಿಸುತ್ತಿದ್ದಾರೆ. ಪ್ಯಾನಲ್ ಇನ್ನೂ ಬಂದಿಲ್ಲ, ನನ್ನ ಲಾಗರ್ ಆಗಲೇ ಅವರ ಟಿಸಿ ಕೆಳಗೆ ಕೂತಿದೆ.