ಮರಳು ದಿಬ್ಬದ ಮೇಲೊಂದು ಕಾಲುದಾರಿ: ನಾವು ಮಾಡಿದ ಬಗೆ

ಬೇಲಿ ಹಾಕುವ ಮೊದಲು ಹೆಜ್ಜೆಗುರುತು ನೋಡಿದೆವು. ರಜಾದಿನದ ಸಂಜೆ ಪಾರ್ಕಿಂಗ್ ಜಾಗದಿಂದ ದಿಬ್ಬ ದಾಟಿ ಕಡಲ ನೀರಿನವರೆಗೆ ಸವೆದ ಜಾಡುಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ, ಜನ ಹೆಚ್ಚು ತುಳಿಯುವ ಎರಡನ್ನು ಮಾತ್ರ ಉಳಿಸಿಕೊಂಡೆವು. ಜನರಿಗೆ ಬೇಡದ ಕಡೆ ದಾರಿ ಮಾಡಿದರೆ ಅವರು ಬೇಲಿ ದಾಟಿಯೇ ದಾಟುತ್ತಾರೆ.

ದಾರಿಯನ್ನು ಗಾಳಿ ಬೀಸುವ ದಿಕ್ಕಿಗೆ ನೇರವಾಗಿ ಬಿಡಬಾರದು. ಮರಳನ್ನು ಹಿಡಿದಿಡುವ ಬಳ್ಳಿ ತುಳಿತಕ್ಕೆ ಸತ್ತ ಕಂಡಿಯಲ್ಲಿ ಗಾಳಿ ನುಗ್ಗಿ ಮರಳನ್ನು ಎತ್ತಿಕೊಂಡು ಹೋಗುತ್ತದೆ. ಕಂಡಿ ಅಗಲವಾಗುತ್ತ, ಕೊನೆಗೆ ಬಿರುಗಾಳಿಯ ಅಲೆಗೂ ಅದೇ ಬಾಗಿಲಾಗುತ್ತದೆ. ಆದ್ದರಿಂದ ಓರೆಯಾಗಿ, ನಡುವೆ ಒಂದು ತಿರುವು ಕೊಟ್ಟು ಹಲಗೆ ದಾರಿ ಕಟ್ಟಿದೆವು. ಅಗಲ 1.5 ಮೀಟರ್, ಏರು ಪ್ರತಿ 12 ಮೀಟರಿಗೆ 1 ಮೀಟರ್ ಮೀರದಂತೆ. ಹಲಗೆಗಳ ನಡುವಿನ ಸಂದು 10 ಮಿ.ಮೀ. ಅದಕ್ಕಿಂತ ದೊಡ್ಡದಾದರೆ ಗಾಲಿಕುರ್ಚಿಯ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ, ತೀರಾ ಚಿಕ್ಕದಾದರೆ ಮರಳು ಕಟ್ಟಿಕೊಳ್ಳುತ್ತದೆ. ನೆಲದಿಂದ ಅರ್ಧ ಮೀಟರ್ ಎತ್ತರವಿದ್ದರೆ ಅಡಿಯಲ್ಲೂ ಬಳ್ಳಿ ಹಬ್ಬುತ್ತದೆ.

ಕಡಲ ಕಡೆಯ ಕೊನೆಯ ತುಂಡಿಗೆ ಮೊದಲು ಕಾಂಕ್ರೀಟ್ ಪಾದ ಹಾಕಿದ್ದೆವು. ಅದು ತಪ್ಪು. ಅಲೆ ಪಾದದ ಸುತ್ತ ಮರಳು ಕೊರೆದು ದಿಬ್ಬದ ಅಂಚನ್ನೂ ಕೆಡವಿತು. ಈಗ ಅಲ್ಲಿ ಹಗ್ಗಕ್ಕೆ ಪೋಣಿಸಿದ ಹಲಗೆಗಳಷ್ಟೇ. ಬಿರುಗಾಳಿಯ ಕಾಲಕ್ಕೆ ಮುಂಚೆ ಸುತ್ತಿ ಮೇಲಕ್ಕೆ ಎತ್ತಿಡುತ್ತೇವೆ.

ಮುಚ್ಚಿದ ಜಾಡುಗಳಲ್ಲಿ ಕಣ್ಣಿಗೆ ಬೀಳುವ ಮೊದಲ ಹತ್ತು ಮೀಟರನ್ನು ಒಣ ಕೊಂಬೆಗಳಿಂದ ತುಂಬಿದರೆ ಸಾಕು, ಫಲಕಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿ ಕೊರೆದ ಗುಂಡಿಯಲ್ಲಿ ಮತ್ತೆ ಮರಳು ನಿಲ್ಲಲೆಂದು 1.2 ಮೀಟರ್ ಎತ್ತರದ ಪಟ್ಟಿ ಬೇಲಿ ಹಾಕಿದೆವು, ಅರ್ಧ ಪಟ್ಟಿ, ಅರ್ಧ ಸಂದು. ಪೂರ್ತಿ ಮುಚ್ಚಿದ ಬೇಲಿಯ ಬುಡದಲ್ಲಿ ಗಾಳಿ ಸುಳಿದು ಮರಳನ್ನೇ ತೋಡುತ್ತದೆ. ಮರಳು ತುಂಬಿ ಬೇಲಿ ಹೂತುಹೋದರೆ ಕೀಳಬೇಡಿ, ಅದರ ಮೇಲೆ ಇನ್ನೊಂದು ಹಾಕಿ. ಆಮೆ ಮೊಟ್ಟೆಯಿಡುವ ತೀರವಾದರೆ ಉದ್ದಕ್ಕೂ ಒಂದೇ ಬೇಲಿ ಬೇಡ. ತುಂಡು ತುಂಡಾಗಿ, ಓರೆಯಾಗಿ ಇರಲಿ.

ನಿಂತ ಮರಳನ್ನು ಹಿಡಿದಿಡಲು ಗಿಡ ಬೇಕೇ ಬೇಕು. ಬಿಸಿ ನಾಡಿನ ತೀರಗಳಿಗೆ ಅಡುಂಬು ಬಳ್ಳಿಯಷ್ಟು ನಂಬಿಕೆಯದು ಇನ್ನೊಂದಿಲ್ಲ. ಮೂರು ನಾಲ್ಕು ಗೆಣ್ಣಿರುವ ತುಂಡು ಕತ್ತರಿಸಿ, ಎರಡು ಗೆಣ್ಣು ತೇವದ ಮರಳಿನೊಳಗೆ ಹೋಗುವಂತೆ, ಮಳೆ ಶುರುವಾದ ಮೇಲೆ ನೆಡಬೇಕು. ಬೇಸಿಗೆಯಲ್ಲಿ ನೆಟ್ಟದ್ದು ಒಣಗಿಹೋಯಿತು.

ಯಂತ್ರದಿಂದ ತೀರ ಗುಡಿಸುವುದನ್ನು ನಿಲ್ಲಿಸಿ, ಪ್ಲಾಸ್ಟಿಕ್ ಅನ್ನು ಕೈಯಿಂದ ಹೆಕ್ಕುತ್ತೇವೆ. ಅಲೆ ತಂದೊಡ್ಡಿದ ಪಾಚಿ, ಕಡ್ಡಿ ಅಲ್ಲೇ ಇರಲಿ, ಹೊಸ ದಿಬ್ಬ ಹುಟ್ಟುವುದೇ ಅದರ ಮರೆಯಲ್ಲಿ. ಕೊಳಕಾಗಿದೆ ಎಂದು ದೂರುವವರಿಗೆ ಈ ಕಾರಣ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಪಾರ್ಕಿಂಗ್ ಜಾಗವನ್ನು ಮಾತ್ರ ಎಷ್ಟೇ ಒತ್ತಾಯ ಬಂದರೂ ಹಿಗ್ಗಿಸಿಲ್ಲ. ಎಷ್ಟು ಗಾಡಿ ನಿಲ್ಲುತ್ತವೋ ದಿಬ್ಬದ ಮೇಲಿನ ತುಳಿತವೂ ಅಷ್ಟೇ.