ಶಿಫ್ಟ್ ಬದಲಾದರೆ ಬರೀ ಇಮೇಲ್ ಸಾಲದು

ಪೀಣ್ಯದ ಫ್ಯಾಕ್ಟರಿಗಳಲ್ಲಿ ಎಚ್‌ಆರ್ ಕೆಲಸ ನೋಡುವವರಿಗೆ ಒಂದು ಮಾತು. ಮುಂಚೆ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರೆ ಸಾಕಿತ್ತು. ಆಮೇಲೆ ಇಮೇಲ್ ಬಂತು, ಮೆಷಿನ್ ಮುಂದೆ ನಿಂತವರಿಗೆ ಅದು ತಲುಪಲೇ ಇಲ್ಲ. ಈಗ ವಾಟ್ಸಾಪ್. ಒಂದು ಗ್ರೂಪಿಗೆ 1024 ಜನ ಸೇರಬಹುದು, ಆದರೆ ಗುಡ್ ಮಾರ್ನಿಂಗ್ ಫೋಟೋಗಳ ನಡುವೆ ಶಿಫ್ಟ್ ವಿಷಯ ಕಳೆದುಹೋಗುತ್ತದೆ ಅಲ್ವಾ?

ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ಟಿಂಗ್ ಬದಲಿಸಿ. ಕನ್ನಡದಲ್ಲೇ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಹಾಕಿ: "ಸೋಮವಾರದಿಂದ ಬೆಳಗಿನ ಶಿಫ್ಟ್ ಏಳಕ್ಕೆ. ಬಸ್ಸು ಜಾಲಹಳ್ಳಿ ಕ್ರಾಸಿಗೆ ಆರೂಕಾಲಿಗೆ ಬರುತ್ತೆ."

ಹೋದ ತಿಂಗಳು ನಮ್ಮಲ್ಲಿ ಇಂಗ್ಲಿಷ್ ಪಿಡಿಎಫ್ ಕಳಿಸಿದ್ದರು. ಐದು ಜನ ಹೆಣ್ಣುಮಕ್ಕಳು ಕತ್ತಲಲ್ಲೇ ಬಂದು ಒಂದು ಗಂಟೆ ಗೇಟಿನ ಹೊರಗೆ ಕಾದರು. ನೋಡಿ ತುಂಬಾ ಬೇಜಾರಾಯಿತು.

ಸಂಬಳ, ಪಿಎಫ್ ವಿಷಯ ಗ್ರೂಪಿಗೆ ಹಾಕಲೇಬೇಡಿ. ಕರೆದು ಕೂರಿಸಿ ಹೇಳಿ.